ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲ್ಲಿನ ಮೇಲಿನ ಅಕ್ಷರಗಳನ್ನು ಹಿಡಿದು ಕರ್ನಾಟಕ ಪ್ರವಾಸ

ದಸರಾ ರಜೆ ಹತ್ತಿರವಾಗುತ್ತಿರುವುದರಿಂದ ರಾಜ್ಯದ ಐತಿಹಾಸಿಕ ಸ್ಥಳಗಳ ಪ್ರವಾಸದ ಬಗ್ಗೆ ಓದುಗರಿಂದ ಸಾಕಷ್ಟು ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಬೀದರಿನಿಂದ ಚಾಮರಾಜನಗರದವರೆಗೆ ಹರಡಿರುವ ಈ ನಾಡನ್ನು ಒಂದು ರಜೆಯಲ್ಲಿ ಸುತ್ತಿ ಮುಗಿಸುವುದು ಆಗದ ಮಾತು. ಯಾವುದಾದರೂ ಒಂದು ಸೀಮೆಯನ್ನು ಆರಿಸಿಕೊಂಡು, ಅಲ್ಲಿನ ಗುಡಿ, ಕೋಟೆ, ಬಂಡೆಗಳ ಮೇಲೆ ಏನು ಬರೆದಿದೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೋದರೆ, ಕಟ್ಟಿಸಿದವರು ಯಾರು, ಕೆತ್ತಿದವರು ಯಾರು, ಏತಕ್ಕಾಗಿ ಕಟ್ಟಿಸಿದರು ಎಂಬುದೆಲ್ಲ ಆ ಸ್ಥಳದಲ್ಲೇ ತಿಳಿಯುತ್ತದೆ. ಮುಂದಿನ ಉತ್ತರಗಳನ್ನು ಈ ದೃಷ್ಟಿಯಿಂದಲೇ ಬರೆಯಲಾಗಿದೆ.

ಪ್ರಶ್ನೆ: ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಒಂದೇ ದಿನದಲ್ಲಿ ತೋರಿಸುತ್ತೇವೆ ಎಂದು ಟ್ರಾವೆಲ್ಸ್‌ನವರು ಹೇಳುತ್ತಿದ್ದಾರೆ. ನಮ್ಮೊಂದಿಗೆ ಎಪ್ಪತ್ತು ದಾಟಿದ ಅತ್ತೆ, ಮಾವ ಬರುತ್ತಾರೆ. ಒಂದು ದಿನ ಸಾಕೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಸಾಲದು. ಒಂದು ದಿನದಲ್ಲಿ ಮೂರೂ ಊರುಗಳಿಗೆ ಹೋಗಿಬರಬಹುದೇ ಹೊರತು ನೋಡಲಾಗುವುದಿಲ್ಲ. ಕನಿಷ್ಠ ಎರಡು ಪೂರ್ಣ ದಿನಗಳನ್ನು ಇಟ್ಟುಕೊಂಡು ಬಾದಾಮಿಯಲ್ಲಿಯೇ ಉಳಿದುಕೊಳ್ಳಿ. ಮೈಸೂರಿನಿಂದ ಹೊರಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಲ್ಲಿ ನಿಲ್ಲುವುದರಿಂದ ಹಿರಿಯರಿಗೆ ರಸ್ತೆಯ ದಣಿವು ತಪ್ಪುತ್ತದೆ. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ.

ಮೊದಲ ದಿನ ಬಿಸಿಲು ಏರುವ ಮುನ್ನವೇ ಗುಹಾಲಯಗಳಿಗೆ ಹೋಗಿ. ನಾಲ್ಕು ಗುಹೆಗಳೂ ಬೆಟ್ಟದ ಮೈಯಲ್ಲಿ ಮೇಲುಮೇಲಕ್ಕೆ ಇರುವುದರಿಂದ ಮೆಟ್ಟಿಲು ಹತ್ತದೆ ವಿಧಿಯಿಲ್ಲ. ಮಂಡಿನೋವಿರುವವರು ಮೊದಲನೆಯ ಗುಹೆಯ ಹದಿನೆಂಟು ತೋಳುಗಳ ನಟರಾಜನನ್ನು ನೋಡಿ ಅಲ್ಲಿಯೇ ವಿಶ್ರಾಂತಿ ಪಡೆಯಬಹುದು. ಹತ್ತಲು ಸಾಧ್ಯವಿರುವವರು ಮಾತ್ರ ಮೂರನೆಯ ಗುಹೆಯನ್ನು ತಪ್ಪಿಸಬಾರದು. ಚಾಲುಕ್ಯ ದೊರೆ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶನು ಈ ಗುಹೆಯನ್ನು ಕೊರೆಯಿಸಿ, ಶಕ ವರ್ಷ 500ರ, ಎಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ವಿಷ್ಣುವಿನ ಪ್ರತಿಷ್ಠೆ ಮಾಡಿಸಿದ ಸಂಗತಿ ಅಲ್ಲಿನ ಶಾಸನದಲ್ಲಿದೆ. ಆ ಕಾಲದ ಗುಹೆಗಳಲ್ಲಿ ಇಷ್ಟು ಖಚಿತವಾದ ದಿನಾಂಕ ಸಿಗುವುದು ಅಪರೂಪ. ಮಲಪ್ರಭೆಯ ದಂಡೆಯ ಉಳಿದ ಚಾಲುಕ್ಯ ಕೆಲಸಗಳಲ್ಲಿ ಯಾವುದು ಮುಂಚಿನದು, ಯಾವುದು ಈಚಿನದು ಎಂದು ವಿದ್ವಾಂಸರು ತೀರ್ಮಾನಿಸಲು ಈ ದಿನಾಂಕವೇ ದೊಡ್ಡ ಆಧಾರವಾಗಿದೆ. ತಿಂಡಿಯ ಚೀಲವನ್ನು ಮಾತ್ರ ಕೈಯಲ್ಲಿ ಹಿಡಿದು ಹೋಗಬೇಡಿ, ಅಲ್ಲಿ ಕೋತಿಗಳ ಕಾಟ ವಿಪರೀತ.

ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋದರೆ ಒಳ್ಳೆಯದು. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತಿರುವ ಹೆಣ್ಣುಮಕ್ಕಳು ಜೋಳದ ರೊಟ್ಟಿ, ಪಲ್ಯ, ಚಟ್ನಿಪುಡಿ, ಗಟ್ಟಿ ಮೊಸರು ಬಡಿಸುತ್ತಾರೆ. ಸಂಜೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಭೂತನಾಥ ಗುಡಿಯವರೆಗೆ ಹಿರಿಯರೂ ನಿಧಾನವಾಗಿ ನಡೆದುಹೋಗಬಹುದು, ಹಾದಿ ಹೆಚ್ಚುಕಡಿಮೆ ಸಮತಟ್ಟಾಗಿದೆ. ಕೆರೆಯ ಈಶಾನ್ಯಕ್ಕಿರುವ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ನಮಗೆ ತಿಳಿದಿರುವ ತ್ರಿಪದಿಗಳಲ್ಲಿ ಅತ್ಯಂತ ಹಳೆಯವು ಸುಮಾರು ಕ್ರಿ.ಶ. 700ರ ಈ ಶಾಸನದಲ್ಲಿಯೇ ಇವೆ. ಸಾಧುವಿಗೆ ಸಾಧುವಾಗಿ, ಮಧುರ ಸ್ವಭಾವದವರಿಗೆ ಮಧುರವಾಗಿ, ಪೀಡಿಸುವವರಿಗೆ ಮಾತ್ರ ಕಲಿಯುಗದ ವಿಪರೀತನಾಗಿ ನಿಲ್ಲುವವನೆಂದು ಅರಭಟ್ಟನನ್ನು ಅದು ಹೊಗಳುತ್ತದೆ. ಹಳ್ಳಿಯ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡಿಕೊಂಡು ಬಂದ ಮಟ್ಟು ಅಷ್ಟು ಹಿಂದೆಯೇ ಬಂಡೆಗೇರಿದ್ದನ್ನು ಕಂಡಾಗ ಯಾವ ಕನ್ನಡಿಗರ ಮನಸ್ಸೂ ತುಂಬಿಬರುತ್ತದೆ.

ಎರಡನೆಯ ದಿನ ಬೆಳಿಗ್ಗೆ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲಿಗೆ ಹೋಗಿ, ಹೆಚ್ಚಿನ ಸಮಯವನ್ನು ವಿರೂಪಾಕ್ಷ ದೇವಾಲಯಕ್ಕೆ ಮೀಸಲಿಡಿ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ 8ನೇ ಶತಮಾನದ ಮಧ್ಯಭಾಗದಲ್ಲಿ ಇದನ್ನು ಕಟ್ಟಿಸಿದಳು. ಪೂರ್ವದ ಬಾಗಿಲಿನ ಬಳಿಯ ಹಳಗನ್ನಡ ಶಾಸನಗಳು ದೊರೆ ಮತ್ತು ರಾಣಿಯ ಹೆಸರಿಗೆ ನಿಲ್ಲುವುದಿಲ್ಲ. ಗುಡಿಯನ್ನು ಕಟ್ಟಿದ ಅನಿವಾರಿತಾಚಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದುದನ್ನೂ, ಹಿಂದಿನ ಅರಸ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಸೌಲಭ್ಯಗಳನ್ನು ರಾಣಿ ಮುಂದುವರಿಸಿದುದನ್ನೂ ಅವು ಹೇಳುತ್ತವೆ. ಯುದ್ಧದ ಗೆಲುವಿಗಾಗಿ ಎದ್ದ ಗುಡಿಯ ಬಾಗಿಲಲ್ಲಿ ಹಾಡುವವರ ಹಕ್ಕಿಗೂ ಜಾಗ ಸಿಕ್ಕಿರುವುದನ್ನು ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಹೇಳಬೇಕೆನಿಸಿತು. ಗೆದ್ದ ಕಂಚಿಯಲ್ಲಿ ಈ ದೊರೆ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಹಿಂತಿರುಗಿಸಿ, ಅದನ್ನು ಕನ್ನಡದಲ್ಲಿಯೇ ಅಲ್ಲಿನ ಕಂಬದ ಮೇಲೆ ಬರೆಸಿದ್ದಾನೆ. ಪಟ್ಟದಕಲ್ಲಿನ ಸ್ಮಾರಕಗಳು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಮಧ್ಯಾಹ್ನ ಐಹೊಳೆಯಲ್ಲಿ ಹಿರಿಯರು ದುರ್ಗ ದೇವಾಲಯದ ಆವರಣದ ನೆರಳಿನಲ್ಲಿ ಕುಳಿತಿರಲಿ, ಉಳಿದವರು ಮೇಗುತಿ ಗುಡ್ಡ ಹತ್ತಿ. ಅಲ್ಲಿನ ಜಿನಾಲಯದ ಪೂರ್ವದ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ರಚಿಸಿದ ಸಂಸ್ಕೃತ ಪ್ರಶಸ್ತಿ, ಎಂದರೆ ದೊರೆಯನ್ನು ಹೊಗಳುವ ಕಾವ್ಯ, ಇದೆ. ಇಮ್ಮಡಿ ಪುಲಿಕೇಶಿಯು ಹರ್ಷನನ್ನು ಸೋಲಿಸಿದ ವಿಷಯಕ್ಕೆ ಇದು ಮುಖ್ಯ ಆಧಾರ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ಇರಿಸಿಕೊಂಡಿರುವುದರಿಂದ ಆ ಮಹಾಕವಿಗಳ ಕಾಲವನ್ನು ನಿರ್ಣಯಿಸಲೂ ಈ ಗೋಡೆಯೇ ನೆರವಾಗಿದೆ.

ಪ್ರಶ್ನೆ: ಬೇಲೂರು, ಹಳೇಬೀಡುಗಳನ್ನು ಜಕಣಾಚಾರಿ ಕೆತ್ತಿದನೆಂದು ಚಿಕ್ಕಂದಿನಿಂದ ಕೇಳಿದ್ದೇನೆ. ಕಾಲೇಜಿನಲ್ಲಿ ಅದಕ್ಕೆ ಆಧಾರವಿಲ್ಲ ಎಂದರು. ಹಾಗಾದರೆ ಕೆತ್ತಿದವರ ಹೆಸರು ಎಲ್ಲಿಯೂ ಉಳಿದಿಲ್ಲವೇ?
(ಪದವಿ ವಿದ್ಯಾರ್ಥಿನಿ, ತುಮಕೂರು)

ಉತ್ತರ: ಉಳಿದಿದೆ, ಅದೂ ಹತ್ತಾರು ಹೆಸರುಗಳು. ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡ ಉದಾಹರಣೆಗಳು ಹೊಯ್ಸಳರ ಕಾಲದಲ್ಲಿ ಸಿಗುವಷ್ಟು ಭಾರತದ ಬೇರೆ ಕಡೆ ಸಿಗುವುದು ವಿರಳ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ತಲೆಯೆತ್ತಿ ನೋಡುವಾಗ ಅವರ ಪಾದದ ಕೆಳಗಿನ ಪಟ್ಟಿಯನ್ನೂ ಗಮನಿಸಿ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರು ಬರೆದಿದ್ದಾರೆ. ಬಳ್ಳಿಗಾವಿ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಎಂದರೆ ಹೊಯ್ಸಳರ ರಾಜಧಾನಿಯ ಕೆಲಸಕ್ಕೆ ಚಾಲುಕ್ಯರ ಸೀಮೆಯ ನುರಿತ ಕೈಗಳು ಬಂದಿದ್ದವು ಎಂಬುದು ಈ ಸಹಿಯಿಂದಲೇ ತಿಳಿಯುತ್ತದೆ.

13ನೇ ಶತಮಾನದ ಮಲ್ಲಿತಮ್ಮನ ಜಾಡು ಹಿಡಿದು ಹೊರಟರೆ ಇನ್ನೂ ಸೊಗಸು. ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದಲ್ಲಿ, ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ, ಕೊನೆಗೆ ಸೋಮನಾಥಪುರದಲ್ಲಿ ಅವನ ಹೆಸರು ಸಿಗುತ್ತದೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ನೀವು ನೋಡಲೇಬೇಕು. ಅದರ ಒಂದು ಬದಿಯ ಮೂರ್ತಿಗಳನ್ನು ಮಲ್ಲಿತಮ್ಮನೂ ಎದುರು ಬದಿಯವನ್ನು ನಂದಿಯ ಬೈಚೋಜನೂ ಕೆತ್ತಿದ್ದಾರೆ. ಒಂದೇ ಗುಡಿ, ಒಂದೇ ಬಳಪದ ಕಲ್ಲು, ಒಂದೇ ಕಾಲ, ಆದರೆ ಕೈ ಎರಡು. ಆಭರಣದ ಎಸಳುಗಳಲ್ಲಿ, ಮೈಯ ಬಾಗಿನಲ್ಲಿ, ಮುಖದ ಉಬ್ಬುತಗ್ಗುಗಳಲ್ಲಿ ಇಬ್ಬರ ನಡುವಿನ ವ್ಯತ್ಯಾಸವನ್ನು ಸ್ವತಃ ಗುರುತಿಸಲು ಯತ್ನಿಸಿದರೆ ಶಿಲ್ಪವನ್ನು ನೋಡುವ ಕಣ್ಣು ತಾನಾಗಿಯೇ ತೆರೆಯುತ್ತದೆ. ನೂರು ಪುಟದ ಪಾಠಕ್ಕಿಂತ ಈ ಒಂದು ಪ್ರದಕ್ಷಿಣೆ ಹೆಚ್ಚು ಕಲಿಸುತ್ತದೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿಗೆ ಹೋಗುವವರು ಕಡಿಮೆಯಾದ್ದರಿಂದ ಅಲ್ಲಿ ನಿಮಗೆ ನಿಂತು ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಜಕಣಾಚಾರಿಯ ಕಥೆಗೆ ಸಮಕಾಲೀನ ಶಾಸನದ ಆಧಾರವಿಲ್ಲವೆಂಬ ನಿಮ್ಮ ಅಧ್ಯಾಪಕರ ಮಾತು ಸರಿ. ಆದರೆ ಕೆತ್ತುವವರ ಶ್ರಮವನ್ನು ಜನ ಶತಮಾನಗಳ ಕಾಲ ಮರೆಯದೆ ಉಳಿಸಿಕೊಂಡದ್ದು ಆ ಕಥೆಯ ಮೂಲಕವೇ. ಕಥೆ ಹೆಸರಿಸುವ ಕೈದಾಳ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಅಲ್ಲಿನ ಚೆನ್ನಕೇಶವ ದೇವಾಲಯವನ್ನೂ ಒಮ್ಮೆ ನೋಡಿಬನ್ನಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಿಂದ ಪ್ರತಿವರ್ಷ ಮೈಸೂರು, ಜೋಗ, ಹಂಪಿ ಎಂದು ಅವೇ ಜಾಗಗಳಿಗೆ ಹೋಗುತ್ತೇವೆ. ಹಂಪಿಯಿಂದ ಆಚೆ ಮಕ್ಕಳಿಗೆ ತೋರಿಸುವಂಥದ್ದು ಏನಿದೆ?
(ಶಿಕ್ಷಕರು, ಹಾಸನ)

ಉತ್ತರ: ಬಹಳ ಇದೆ, ಮತ್ತು ದಕ್ಷಿಣದ ಜಿಲ್ಲೆಗಳ ಮಕ್ಕಳು ಅದನ್ನು ನೋಡದೆ ಶಾಲೆ ಮುಗಿಸುತ್ತಿರುವುದು ನಿಜಕ್ಕೂ ಬೇಸರದ ಸಂಗತಿ. ಈ ವರ್ಷ ಕಲಬುರಗಿ ಮತ್ತು ಬೀದರ್ ಜಿಲ್ಲೆಗಳನ್ನು ಆರಿಸಿಕೊಳ್ಳಿ.

ಭೀಮಾ ನದಿಯ ದಂಡೆಯ ಸನ್ನತಿಯಿಂದ ಪ್ರಾರಂಭಿಸಿ. 1986ರಲ್ಲಿ ಇಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಕಾ ಗುಡಿಯ ಚಾವಣಿ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡುಬಂತು. ಕಳಿಂಗದ ಅಧಿಕಾರಿಗಳನ್ನು ಉದ್ದೇಶಿಸಿ ಅಶೋಕ ಬರೆಸಿದ, ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಇವೆಯೆಂದು ತಿಳಿಯಲಾಗಿದ್ದ ಪ್ರತ್ಯೇಕ ಶಾಸನಗಳ ಪಾಠ ಈ ಕಲ್ಲಿನ ಮೇಲಿತ್ತು. ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು 1990ರ ದಶಕದಲ್ಲಿ ಉತ್ಖನನ ಮಾಡಿದಾಗ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಅಲ್ಲಿನ ಒಂದು ಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಛತ್ರ ಚಾಮರ ಹಿಡಿದ ಪರಿಚಾರಿಕೆಯರು ಇದ್ದು, ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಹೆಸರು ಸಮೇತ ಅಶೋಕನನ್ನು ತೋರಿಸುವ ಶಿಲ್ಪ ಇದು. ಪಠ್ಯಪುಸ್ತಕದಲ್ಲಿ ಅಶೋಕನನ್ನು ಪಾಟಲಿಪುತ್ರದ ದೊರೆಯೆಂದು ಓದಿದ ಮಕ್ಕಳಿಗೆ, ಅವನ ಹೆಸರು ಮತ್ತು ರೂಪ ಎರಡೂ ತಮ್ಮ ರಾಜ್ಯದ ಹಳ್ಳಿಯೊಂದರಲ್ಲಿ ಸಿಕ್ಕಿವೆ ಎಂಬುದನ್ನು ಆ ನೆಲದ ಮೇಲೆಯೇ ನಿಲ್ಲಿಸಿ ಹೇಳಬೇಕು. ಜೊತೆಗೆ ರಾಯಚೂರು ಜಿಲ್ಲೆಯ ಮಸ್ಕಿಯ ವಿಷಯವನ್ನೂ ಸೇರಿಸಿ. 1915ರಲ್ಲಿ ಅಲ್ಲಿ ದೊರೆತ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇದ್ದುದರಿಂದಲೇ ಇಬ್ಬರೂ ಒಬ್ಬನೇ ಎಂಬುದು ಸ್ಥಿರಪಟ್ಟಿತು. ಸನ್ನತಿಗೆ ಹೊರಡುವ ಮುನ್ನ ಸರ್ವೇಕ್ಷಣೆಯ ಸ್ಥಳೀಯ ಕಚೇರಿಯನ್ನು ಸಂಪರ್ಕಿಸಿ, ಶಾಲಾ ಮಕ್ಕಳು ಬರುವುದನ್ನು ತಿಳಿಸಿಡಿ.

ಕಲಬುರಗಿಯ ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದು. ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳ ಇಲ್ಲಿ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಚಾವಣಿ ಇದೆ. ಕಮಾನುಗಳ ಸಾಲಿನ ಒಂದು ತುದಿಯಲ್ಲಿ ಮಕ್ಕಳನ್ನು ನಿಲ್ಲಿಸಿದರೆ ಸಾಕು, ಅವರೇ ಪ್ರಶ್ನೆ ಕೇಳತೊಡಗುತ್ತಾರೆ.

ಅಲ್ಲಿಂದ ಬೀದರಿಗೆ ಹೋಗುವ ದಾರಿಯಲ್ಲಿ ಹುಮನಾಬಾದಿನ ಬಳಿ ಜಲಸಂಗಿ ಎಂಬ ಊರಿದೆ. ಕಲ್ಯಾಣ ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯ ಮೇಲೆ ಒಬ್ಬ ತರುಣಿ ಬೆನ್ನನ್ನು ಅರ್ಧ ತಿರುಗಿಸಿ ನಿಂತು, ಲೇಖನಿ ಹಿಡಿದು, ಕಲ್ಲಿನ ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವ ಸಾಲು ನಿಜವಾದ ಶಾಸನ, ಚಾಲುಕ್ಯ ವಿಕ್ರಮಾದಿತ್ಯನ ಸ್ತುತಿ. ಕನ್ನಡಿ ನೋಡಿಕೊಳ್ಳುವ, ಗಿಳಿಯೊಂದಿಗೆ ಮಾತಾಡುವ ಸುಂದರಿಯರು ನಮ್ಮ ಗುಡಿಗಳ ತುಂಬ ಇದ್ದಾರೆ, ಆದರೆ ಅಕ್ಷರ ಬರೆಯುತ್ತಿರುವ ಇಂಥ ಹೆಣ್ಣನ್ನು ಕಾಣುವುದು ಬಲು ಅಪರೂಪ. ನಿಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಇದನ್ನು ತೋರಿಸಲೆಂದೇ ಬಸ್ಸನ್ನು ಹೆದ್ದಾರಿಯಿಂದ ತಿರುಗಿಸಿದರೂ ಆ ಸಮಯ ಸಾರ್ಥಕ.

ಬೀದರಿನಲ್ಲಿ ಕೋಟೆ, ಅದರೊಳಗಿನ ರಂಗೀನ್ ಮಹಲ್, ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸ, ಅಷ್ಟೂರಿನ ಗುಮ್ಮಟಗಳು ಇವೆ. ಮದರಸದ ಒಂದು ಭಾಗ 17ನೇ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟದಿಂದ ನೆಲಕಚ್ಚಿತು. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು ಹೆಂಚುಗಳ ಅಲಂಕಾರ ಇನ್ನೂ ಕಾಣುತ್ತದೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಲಿಂಗಾಯತ ಜಂಗಮರೂ ಬರುತ್ತಾರೆ, ಅಲ್ಲಮಪ್ರಭುವಿನ ಅವತಾರವೆಂದು ಅವನನ್ನು ನಂಬಿ ನಡೆದುಕೊಳ್ಳುವ ಭಕ್ತರಿದ್ದಾರೆ. ಬಿದರಿ ಕುಶಲಕರ್ಮಿಗಳ ಅಂಗಡಿಗೆ ಹೇಳಿಕೊಂಡು ಹೋದರೆ ಕೆಲಸವನ್ನು ಸಂತೋಷದಿಂದ ತೋರಿಸುತ್ತಾರೆ. ಸತು, ತಾಮ್ರಗಳ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನು ಕೂರಿಸಿ, ಉಜ್ಜಿ ನಯ ಮಾಡಿದ ಮೇಲೆ, ಕೋಟೆಯ ಹಳೆಯ ಭಾಗಗಳಿಂದ ತಂದ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಉಳಿಯುತ್ತದೆ. ಏಕೆ ಹೀಗೆ ಎಂಬುದನ್ನು ನಿಮ್ಮ ವಿಜ್ಞಾನ ಶಿಕ್ಷಕರು ಅಲ್ಲಿಯೇ ಪಾಠವಾಗಿ ಹೇಳಬಹುದು.

ಪ್ರಶ್ನೆ: ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇವೆ. ಮಕ್ಕಳು ಇಲ್ಲಿನ ಕನ್ನಡ ತರಗತಿಯಲ್ಲಿ ಈಗಷ್ಟೇ ಓದಲು ಕಲಿತಿದ್ದಾರೆ. ಕನ್ನಡದ ಹಳೆಯ ಬರಹಗಳನ್ನು ಅವರಿಗೆ ತೋರಿಸಲು ಎಲ್ಲಿಗೆ ಕರೆದೊಯ್ಯಬೇಕು?
(ಕನ್ನಡಿಗ ದಂಪತಿ, ದುಬೈ)

ಉತ್ತರ: ಶ್ರವಣಬೆಳಗೊಳದಿಂದ ಪ್ರಾರಂಭಿಸಿ, ಹಲ್ಮಿಡಿಯಿಂದಲ್ಲ. ಹಲ್ಮಿಡಿಯ ಅಕ್ಷರಗಳನ್ನು ತಜ್ಞರಲ್ಲದವರು ಓದಲಾರರು, ಮಕ್ಕಳಿಗೆ ಮೊದಲ ದಿನವೇ ನಿರಾಶೆಯಾಗುತ್ತದೆ. ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬೆಳಿಗ್ಗೆಯೇ ಹತ್ತಿ, 58 ಅಡಿ ಎತ್ತರದ ಗೊಮ್ಮಟನ ಪಾದದ ಬಳಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಬರಹವನ್ನು ತೋರಿಸಿ. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಈ ಮೂರ್ತಿಯನ್ನು ಮಾಡಿಸಿದ. ಬರಹದ ಅರ್ಥ ಹೇಳಿಕೊಟ್ಟು, ಒಂದೊಂದೇ ಅಕ್ಷರವನ್ನು ಇಂದಿನ ಅಕ್ಷರದ ಜೊತೆ ಕಾಗದದ ಮೇಲೆ ಬರೆದು ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ. ಅದೇ ಮಾತನ್ನು ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಅಲ್ಲಿ ಬರೆಸಲಾಗಿದೆ. ದೂರದಿಂದ ಬರುವ ಯಾತ್ರಿಕರಿಗೂ ತಿಳಿಯಲಿ ಎಂಬ ಕಾಳಜಿ ಆ ಬರಹಗಳಲ್ಲಿದೆ.

ಮರುದಿನ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿ. ಸುಮಾರು ಕ್ರಿ.ಶ. 450ರ ಈ ಹದಿನಾರು ಸಾಲುಗಳ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನ ಮಂಟಪದಲ್ಲಿ ಅದರ ಪ್ರತಿಕೃತಿ ಇದೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಳ್ಚು (ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿ) ಎಂದು ಬಿಟ್ಟುಕೊಟ್ಟ ವಿವರ ಅದರಲ್ಲಿದೆ. ಶಾಸನದ ಊರಿನಲ್ಲಿಯೇ, ಅದೇ ಹೆಸರಿನ ಊರಿನಲ್ಲಿಯೇ ನಿಂತಿದ್ದೇವೆ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ.

ಇನ್ನೂ ಎರಡು ದಿನಗಳಿದ್ದರೆ ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ ಕವಿ ಕುಬ್ಜ ಬರೆದ ಸಂಸ್ಕೃತ ಕಾವ್ಯವಿದೆ. ವಿದ್ಯೆ ಕಲಿಯಲೆಂದು ಕಂಚಿಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನಿಂದ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ ಕಥೆ ನಮಗೆ ತಿಳಿದದ್ದು ಈ ಕಂಬದಿಂದ. ಅದೇ ಆವರಣದಲ್ಲಿ ಈಚಿನ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನದ (ಮೆಟ್ಟಿಲ ಬದಿಯ, ಸಿಂಹ ಕೆತ್ತಿದ ತಡೆಗಲ್ಲಿನ) ಕನ್ನಡ ಬರಹವನ್ನು ಹಲ್ಮಿಡಿಗಿಂತಲೂ ಹಳೆಯದೆಂದು ಅಧ್ಯಯನ ಮಾಡಿದವರು ಅಭಿಪ್ರಾಯಪಟ್ಟಿದ್ದಾರೆ. ಬಳ್ಳಿಗಾವಿ ಅಲ್ಲಿಂದ ಕೂಗಳತೆಯಲ್ಲಿದೆ, ಬನವಾಸಿಯೂ ದೂರವಲ್ಲ.

ಪ್ರಶ್ನೆ: ಗೋಲಗುಂಬಜಿನಲ್ಲಿ ಜನರ ಕೂಗಾಟದಿಂದ ಪಿಸುಮಾತು ಕೇಳಿಸಲೇ ಇಲ್ಲ. ಯಾವ ಹೊತ್ತಿಗೆ ಹೋಗಬೇಕು?
(ಓದುಗರು, ದಾವಣಗೆರೆ)

ಉತ್ತರ: ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ, ವಾರದ ನಡುವಿನ ದಿನ, ಶಾಲಾ ಪ್ರವಾಸದ ತಿಂಗಳುಗಳನ್ನು ಬಿಟ್ಟು ಹೋಗಿ. ಮೊಗಸಾಲೆಯ ಗೋಡೆಗೆ ಮುಖ ಕೊಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಳಗೆ ಮಹಮ್ಮದ್ ಆದಿಲ್ ಶಾಹನ ಗೋರಿಯ ಬಳಿ ನಿಂತು ಮೇಲೆ ನೋಡಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟಕ್ಕೆ ನಡುವೆ ಒಂದೂ ಕಂಬವಿಲ್ಲ. ಒಂದನ್ನೊಂದು ಛೇದಿಸುವ ಕಮಾನುಗಳು ಚೌಕದ ಕೋಣೆಯನ್ನು ಮೇಲಕ್ಕೇರಿದಂತೆ ವರ್ತುಲಕ್ಕೆ ತಂದು ಭಾರವನ್ನು ಹೊರುತ್ತವೆ. ಆವರಣದ ಸಂಗ್ರಹಾಲಯದಲ್ಲಿ ಮಂಗಳೇಶನ ಮಹಾಕೂಟದ ಸ್ತಂಭವಿದೆ, ಬಾದಾಮಿಗೆ ಹೋಗಿಬಂದವರು ಅದನ್ನೂ ನೋಡಬೇಕು. ಇಬ್ರಾಹಿಂ ರೋಜಾಕ್ಕೆ ಸಂಜೆ ಹೋಗಿ. ಅಲ್ಲಿನ ಕಿಟಕಿಗಳಲ್ಲಿ ಅಕ್ಷರಗಳನ್ನೇ ಕೊರೆದು ಜಾಲಂಧ್ರ ಮಾಡಿದ್ದಾರೆ.

ಪ್ರಶ್ನೆ: ನಾವು ಐದಾರು ಗೆಳತಿಯರು. ಕಾರು ಮಾಡಿಕೊಳ್ಳದೆ ಸರ್ಕಾರಿ ಬಸ್ಸಿನಲ್ಲಿಯೇ ನೋಡಬಹುದಾದ ಸ್ಥಳಗಳನ್ನು ತಿಳಿಸಿ.
(ಗೃಹಿಣಿಯರ ಬಳಗ, ರಾಣೆಬೆನ್ನೂರು)

ಉತ್ತರ: ಗದಗಿನಲ್ಲಿ ಉಳಿದುಕೊಳ್ಳಿ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ, ವಿಳಾಸವಿರುವ ಗುರುತಿನ ಚೀಟಿ ಜೊತೆಯಲ್ಲಿರಲಿ. ಗದಗಿನಲ್ಲಿಯೇ ತ್ರಿಕೂಟೇಶ್ವರ ಮತ್ತು ವೀರನಾರಾಯಣ ದೇವಾಲಯಗಳಿವೆ. ತ್ರಿಕೂಟೇಶ್ವರದ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ಹತ್ತಿರದಿಂದ ನೋಡಿ. ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಕುಳಿತು ಕಾವ್ಯ ರಚಿಸಿದನೆಂಬ ಕಂಬವನ್ನು ಇಂದಿಗೂ ತೋರಿಸುತ್ತಾರೆ.

ಹನ್ನೆರಡು ಕಿ.ಮೀ. ದೂರದ ಲಕ್ಕುಂಡಿಗೆ ಬಸ್ಸುಗಳಿಗೆ ಕೊರತೆಯಿಲ್ಲ. ಅಲ್ಲಿಗೆ ಒಂದು ಇಡೀ ದಿನ ಕೊಡಿ. ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಕವಿ ರನ್ನನಿಗೆ ಆಶ್ರಯ ಕೊಟ್ಟವಳೂ, ಪೊನ್ನನ ಶಾಂತಿಪುರಾಣವು ನಶಿಸಿಹೋಗಬಾರದೆಂದು ಸಾವಿರ ಓಲೆಗರಿಯ ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಕಾವ್ಯದ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಎಷ್ಟು ತಿಂಗಳುಗಳ ಕೆಲಸವಾಗಿರಬೇಕು ಎಂದು ಊಹಿಸಿಕೊಳ್ಳಿ. ನಾಡು ಅವಳಿಗೆ ಎಷ್ಟು ಋಣಿಯಾಗಿದ್ದರೂ ಕಡಿಮೆಯೇ. ಜಿನಾಲಯದ ಒಳಗಿನ ಚತುರ್ಮುಖ ಬ್ರಹ್ಮನ ಮೂರ್ತಿ, ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಸೂಕ್ಷ್ಮ ಕೆತ್ತನೆ, ಮಾಣಿಕೇಶ್ವರ ಗುಡಿಯ ಬಳಿಯ ಮುಸುಕಿನ ಬಾವಿ, ಇವು ಮೂರನ್ನೂ ಅವಸರವಿಲ್ಲದೆ ನೋಡಿ.

ಇನ್ನೊಂದು ದಿನ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋಗಬಹುದು, ಅದರ ತಳವಿನ್ಯಾಸ ನಕ್ಷತ್ರದಂತೆ ಮೂಲೆಮೂಲೆಯಾಗಿದೆ. ಕೊಪ್ಪಳ ಜಿಲ್ಲೆಯ ಇಟಗಿಗೆ ಬಸ್ಸು ಬದಲಿಸಬೇಕಾದ್ದರಿಂದ ಬೆಳಿಗ್ಗೆ ಬೇಗ ಹೊರಡಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಅಲ್ಲಿನ ದೇವಾಲಯವನ್ನು ಅದರ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ನೋಡಿದ ಮೇಲೆ ಆ ಹೊಗಳಿಕೆ ಅತಿಯಾಯಿತೆಂದು ನಿಮಗೂ ಅನಿಸುವುದಿಲ್ಲ.

ಪ್ರಶ್ನೆ: ನಮ್ಮ ಊರಿನ ಗುಡಿಯ ಮುಂದಿರುವ ವೀರಗಲ್ಲಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆಬಣ್ಣ ಬಳಿದಿದ್ದಾರೆ. ಅಕ್ಷರಗಳು ಮುಚ್ಚಿಹೋಗಿವೆ. ಏನು ಮಾಡಬೇಕು?
(ಯುವ ಓದುಗರು, ಮಂಡ್ಯ ಜಿಲ್ಲೆ)

ಉತ್ತರ: ಮೊದಲಿಗೆ, ನೀವಾಗಿಯೇ ಬಣ್ಣವನ್ನು ಕೆರೆಯಲು ಹೋಗಬೇಡಿ. ತಂತಿ ಬ್ರಷ್ಷು, ಆಸಿಡ್, ಮರಳಿನ ಯಂತ್ರ ಯಾವುದೂ ಬೇಡ. ಬಣ್ಣವನ್ನು ತಜ್ಞರು ತೆಗೆಯಬಲ್ಲರು, ಸವೆದುಹೋದ ಅಕ್ಷರವನ್ನು ಮಾತ್ರ ಯಾರೂ ಮರಳಿ ತರಲಾರರು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿನ ಚಿತ್ರಗಳನ್ನು ತೆಗೆದುಕೊಳ್ಳಿ, ಬಣ್ಣದ ಅಡಿಯ ಗೆರೆಗಳೂ ಆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಬಳಿಕ ಗ್ರಂಥಾಲಯದಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಿಮ್ಮ ಜಿಲ್ಲೆಯ ಸಂಪುಟವನ್ನು ನೋಡಿ. ಬಿ.ಎಲ್. ರೈಸ್ 19ನೇ ಶತಮಾನದಲ್ಲಿ ಆರಂಭಿಸಿದ ಈ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು, ಊರುವಾರು ಕೊಟ್ಟಿದ್ದಾರೆ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯೂ ಇದೆ. ನಿಮ್ಮ ಕಲ್ಲಿನ ಪಾಠ ಆಗಲೇ ಅಚ್ಚಾಗಿದ್ದರೆ ಅದನ್ನು ನಕಲು ಮಾಡಿಕೊಂಡು ಬಂದು ಊರಿನ ಹಿರಿಯರ ಮುಂದೆ ಓದಿ. ಕಲ್ಲಿನ ಮೇಲಿರುವುದು ತಮ್ಮ ಊರನ್ನು ಉಳಿಸಲು ಸತ್ತವನ ಹೆಸರೆಂದು ತಿಳಿದ ಮೇಲೆ ಬಣ್ಣದ ಡಬ್ಬಿ ತರುವವರು ಕಡಿಮೆಯಾಗುತ್ತಾರೆ. ಬಣ್ಣ ಬಳಿದವರೂ ಭಕ್ತಿಯಿಂದಲೇ ಬಳಿದಿರುತ್ತಾರೆ, ಆದ್ದರಿಂದ ಜಗಳದಿಂದ ಮಾತು ಆರಂಭಿಸಬೇಡಿ.

ಊರಿನವರಿಗೆ ಕಲ್ಲನ್ನು ಹೇಗೆ ನೋಡಬೇಕೆಂದೂ ತೋರಿಸಿಕೊಡಿ. ಹೆಚ್ಚಿನ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದು ತುರುಗೋಳಾಗಿದ್ದರೆ, ಎಂದರೆ ದನಗಳನ್ನು ದೋಚುವ ಕಾಳಗವಾಗಿದ್ದರೆ, ದನಗಳ ಹಿಂಡೂ ಇರುತ್ತದೆ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ನಿಮ್ಮ ಜಿಲ್ಲೆಯದೇ ಆದ ಆತಕೂರಿನ ಕಲ್ಲಿನಲ್ಲಿ ಮನುಷ್ಯನ ಬದಲು ನಾಯಿ, ಹಂದಿಗಳ ಕಾದಾಟವಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನು ಗಂಗ ದೊರೆ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನೆಂದೂ, ಅದು ಒಂದು ದೊಡ್ಡ ಕಾಡುಹಂದಿಯೊಂದಿಗೆ ಸೆಣಸಿ ಎರಡೂ ಸತ್ತವೆಂದೂ ಕ್ರಿ.ಶ. 949–50ರ ಆ ಶಾಸನ ಹೇಳುತ್ತದೆ. ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ.

ನಿಮ್ಮ ಚಿತ್ರಗಳನ್ನು, ಊರು, ತಾಲ್ಲೂಕು, ಕಲ್ಲಿರುವ ಜಾಗದ ವಿವರದೊಂದಿಗೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮೈಸೂರಿನ ಕಚೇರಿಗೆ ಕಳುಹಿಸಿ, ಪ್ರತಿಯನ್ನು ತಹಶೀಲ್ದಾರರಿಗೂ ಕೊಡಿ. ಕೇಂದ್ರದ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಹಳ್ಳಿಗಳ ಬಹುಪಾಲು ವೀರಗಲ್ಲುಗಳು ಆ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲದಿರುವುದರಿಂದಲೇ ಊರಿನವರ ಕಾವಲು ಇಷ್ಟು ಮುಖ್ಯವಾಗುತ್ತದೆ.

ಪ್ರಶ್ನೆ: ಹಂಪಿಗೆ ಶುಕ್ರವಾರ ಹೋದರೆ ತೊಂದರೆಯೇ? ಟಿಕೆಟ್ ಪ್ರತಿಯೊಂದು ಕಡೆಯೂ ಬೇರೆಯೇ?
(ಓದುಗರು, ಉಡುಪಿ)

ಉತ್ತರ: ಸ್ಮಾರಕಗಳು ಶುಕ್ರವಾರವೂ ತೆರೆದಿರುತ್ತವೆ, ಆದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಸಂಗ್ರಹಾಲಯಗಳಿಗೆ ಅಂದು ರಜೆ. ಕಮಲಾಪುರ, ಬಾದಾಮಿ, ಐಹೊಳೆ, ವಿಜಯಪುರಗಳಿಗೂ ಇದೇ ಅನ್ವಯಿಸುತ್ತದೆ. ವಿಠ್ಠಲ ದೇವಾಲಯದಲ್ಲಿ ಪಡೆದ ಟಿಕೆಟ್ಟನ್ನು ಎಸೆಯಬೇಡಿ, ಅದೇ ದಿನ ಕಮಲ ಮಹಲಿರುವ ರಾಣಿವಾಸದ ಆವರಣಕ್ಕೂ ಕಮಲಾಪುರದ ಸಂಗ್ರಹಾಲಯಕ್ಕೂ ಅದು ನಡೆಯುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಹಜಾರರಾಮ ದೇವಾಲಯಕ್ಕೆ ಬೆಳಗಿನ ಹೊತ್ತಿನಲ್ಲಿ ಹೋದರೆ ಗೋಡೆಯ ಮೇಲಿನ ರಾಮಾಯಣದ ಕಥೆಯನ್ನು ಬಿಸಿಲಿನ ಝಳವಿಲ್ಲದೆ ಸುತ್ತುಬಂದು ನೋಡಬಹುದು.